ಯುವನಿಧಿ ಹಣ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಯಾವ ತೊಂದರೆಗೆ ಯಾವ ಕಚೇರಿ, ಬಸ್ ಹತ್ತುವ ಮುಂಚೆ ಓದಿ

ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿರುವವರಿಗೆ ತಿಂಗಳು ತಿಂಗಳು ಭತ್ಯೆ ಕೊಡುವ ಯೋಜನೆ ಯುವನಿಧಿ. ಕೇಳೋಕೆ ಸರಳವಾಗಿದೆ. ಅರ್ಜಿ ಹಾಕಿದವರನ್ನ ಮಾತಾಡಿಸಿದರೆ ಮಾತ್ರ ಕಥೆ ಬೇರೆ. ಗ್ರಾಮ ಒನ್‌ನಲ್ಲಿ ಕೇಳಿದರೆ "ಯೂನಿವರ್ಸಿಟಿಯಿಂದ ಡೇಟಾ ಬಂದಿಲ್ಲ" ಅಂತಾರೆ. ಕಾಲೇಜಿಗೆ ಹೋದರೆ "ನಮ್ಮ ಕೆಲಸ ಮುಗಿದಿದೆ, ಜಿಲ್ಲಾ ಕಚೇರಿಗೆ ಹೋಗಿ" ಅಂತಾರೆ. ಜಿಲ್ಲಾ ಕೇಂದ್ರಕ್ಕೆ ಹೋದರೆ "ಇಲ್ಲಿ ಎಲ್ಲ ಸರಿ ಇದೆ, ಬ್ಯಾಂಕಲ್ಲಿ ಕೇಳಿ" ಅನ್ನೋ ಉತ್ತರ. ಬ್ಯಾಂಕಿನವರು ಪಾಸ್‌ಬುಕ್ ಎಂಟ್ರಿ ಮಾಡಿ ಕೈಗೆ ಕೊಡ್ತಾರೆ, ಹಣ ಬಂದಿರಲ್ಲ.

ಇವರಲ್ಲಿ ಯಾರೂ ಸುಳ್ಳು ಹೇಳ್ತಿರಬೇಕು ಅಂತೇನಿಲ್ಲ. ಒಂದೇ ಅರ್ಜಿ ನಾಲ್ಕು ಕಡೆ ಹಾದು ಹೋಗಬೇಕು. ಒಬ್ಬೊಬ್ಬರಿಗೂ ತಮ್ಮ ಕಂಪ್ಯೂಟರ್‌ನಲ್ಲಿ ಇರೋದಷ್ಟೇ ಕಾಣುತ್ತೆ. ಒಂದು ಕಚೇರಿಯ ತಪ್ಪನ್ನ ಇನ್ನೊಂದು ಕಚೇರಿ ಸರಿ ಮಾಡೋಕೆ ಬರಲ್ಲ. ಹಾಗಾಗಿ ತೊಂದರೆ ಎಲ್ಲಿದೆ ಅಂತ ಮೊದಲು ಗುರುತಿಸಿ, ಆಮೇಲೆ ಹೊರಡುವುದು ಒಳ್ಳೇದು. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಯೋಜನೆ ಏನು?

ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಗೆ ಜಾರಿಯಾದದ್ದು ಯುವನಿಧಿ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. ಸ್ವಾಮಿ ವಿವೇಕಾನಂದರ ಜಯಂತಿ ದಿನವಾದ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹಣ ವರ್ಗಾವಣೆಗೆ ಚಾಲನೆ ಕೊಟ್ಟರು. ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ ಇದನ್ನ ನೋಡಿಕೊಳ್ಳುತ್ತದೆ.

ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅದು. ಲೆಕ್ಕ ಹಾಕಿದರೆ ಪದವೀಧರರಿಗೆ ಹೆಚ್ಚೆಂದರೆ 72,000 ರೂಪಾಯಿ, ಡಿಪ್ಲೊಮಾದವರಿಗೆ 36,000 ರೂಪಾಯಿ. ಅಲೆದಾಟಕ್ಕೆ ಬೇಸತ್ತು ಕೈ ಬಿಡುವವರು ಬಿಟ್ಟುಕೊಡೋದು ಈ ಮೊತ್ತವನ್ನ.

ಯಾರಿಗೆ ಉಂಟು, ಯಾರಿಗೆ ಇಲ್ಲ?

ಮೊದಲಿಗೆ 2022-23ನೇ ಸಾಲಿನಲ್ಲಿ ಪಾಸಾದವರಿಗೆ ಮಾತ್ರ ಇತ್ತು. ಆಮೇಲೆ ಮುಂದಿನ ಬ್ಯಾಚ್‌ಗಳಿಗೂ ವಿಸ್ತರಿಸಿದರು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಕನಿಷ್ಠ 6 ವರ್ಷ ರಾಜ್ಯದಲ್ಲಿದ್ದು ಓದಿರಬೇಕು.

ಮುಂದೆ ಎಂ.ಎ, ಎಂ.ಕಾಂ, ಬಿ.ಇಡಿ ಅಂತ ಓದು ಮುಂದುವರಿಸಿದವರಿಗೆ ಇಲ್ಲ. ಅಪ್ರೆಂಟಿಸ್ ಭತ್ಯೆ ತಗೊಳ್ಳುವವರಿಗೆ ಇಲ್ಲ. ಸರ್ಕಾರಿ ಅಥವಾ ಖಾಸಗಿ ಕೆಲಸದಲ್ಲಿ ಇರುವವರಿಗೆ, ಸರ್ಕಾರಿ ಯೋಜನೆ ಅಥವಾ ಬ್ಯಾಂಕ್ ಸಾಲದಿಂದ ಸ್ವಂತ ಉದ್ಯೋಗ ಮಾಡುತ್ತಿರುವವರಿಗೂ ಇಲ್ಲ.

ಡಿಗ್ರಿಯನ್ನ ಅರ್ಧಕ್ಕೆ ಬಿಟ್ಟವರಿಗೂ ಇಲ್ಲ. ಐದು ಸೆಮಿಸ್ಟರ್ ಪಾಸಾಗಿ ಆರನೆಯದು ಬರೆಯದಿದ್ದರೂ ಅಷ್ಟೇ. ಫೀಸು ಕಟ್ಟೋಕಾಗದೆ, ಮನೆ ನೋಡಿಕೊಳ್ಳಬೇಕಾಗಿ ಕಾಲೇಜು ಬಿಟ್ಟವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರು ಈ ಲೆಕ್ಕದಲ್ಲಿ ನಿರುದ್ಯೋಗಿಗಳೇ ಅಲ್ಲ. ಒಂದೆರಡು ಸಬ್ಜೆಕ್ಟ್ ಮಾತ್ರ ಬಾಕಿ ಇದ್ದರೆ ಅದನ್ನ ಕಟ್ಟಿ ಪಾಸ್ ಮಾಡಿಕೊಳ್ಳೋಕೆ ಇನ್ನೂ ಅವಕಾಶ ಇದೆಯಾ ಅಂತ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ.

1. ವಿಶ್ವವಿದ್ಯಾಲಯ: ಡಿಗ್ರಿ ಕೈಯಲ್ಲಿದ್ದರೆ ಸಾಲದು

ಅರ್ಜಿ ಹಾಕುವಾಗ ಸೇವಾ ಸಿಂಧು ಪೋರ್ಟಲ್ ನಿಮ್ಮ ಕೈಯಲ್ಲಿರುವ ಮಾರ್ಕ್ಸ್ ಕಾರ್ಡ್ ಒಂದನ್ನೇ ನಂಬಲ್ಲ. ನ್ಯಾಷನಲ್ ಅಕಾಡೆಮಿಕ್ ಡೆಪಾಸಿಟರಿ, ಅಂದರೆ ನ್ಯಾಡ್‌ನಲ್ಲಿ ನಿಮ್ಮ ಪದವಿಯ ದಾಖಲೆ ಹುಡುಕುತ್ತೆ. ಅಲ್ಲಿಗೆ ಅಪ್‌ಲೋಡ್ ಮಾಡಬೇಕಾದದ್ದು ವಿಶ್ವವಿದ್ಯಾಲಯ, ಡಿಪ್ಲೊಮಾ ಆದರೆ ಆ ಬೋರ್ಡು. ಅವರು ಮಾಡದಿದ್ದರೆ ಗ್ರಾಮ ಒನ್‌ನವರಾಗಲಿ ಸೈಬರ್ ಸೆಂಟರ್‌ನವರಾಗಲಿ ಏನೂ ಮಾಡೋಕಾಗಲ್ಲ.

ಡಿಜಿಲಾಕರ್ ಆ್ಯಪ್‌ನಲ್ಲಿ ನಿಮ್ಮ ಪದವಿ ಪ್ರಮಾಣಪತ್ರ ಬರುತ್ತಾ ನೋಡಿ. ಬರದಿದ್ದರೆ ಕಾಲೇಜಿನ ಪ್ರಿನ್ಸಿಪಾಲರ ಮೂಲಕ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಪತ್ರ ಕೊಡಿ. ರಿಜಿಸ್ಟರ್ ನಂಬರ್, ಪಾಸಾದ ವರ್ಷ ಬರೆದು, ಕೊಟ್ಟಿದ್ದಕ್ಕೆ ಸೀಲು ಹಾಕಿದ ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಮುಂದೆ ಕೇಳೋಕೆ ಆಧಾರ ಇರಲ್ಲ.

2. ಹೆಸರು: ಇನಿಷಿಯಲ್ ಹಿಂದೆಯೋ ಮುಂದೆಯೋ

ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ "ಮಂಜುನಾಥ ಕೆ", ಆಧಾರ್‌ನಲ್ಲಿ "ಕೆ. ಮಂಜುನಾಥ್". ನಮಗೆ ಇಬ್ಬರೂ ಒಬ್ಬರೇ. ಕಂಪ್ಯೂಟರ್‌ಗೆ ಬೇರೆ ಬೇರೆ ಆಗಬಹುದು. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಹೆಸರು ಸೇರಿ, ಮಾರ್ಕ್ಸ್ ಕಾರ್ಡ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಉಳಿದಿರುತ್ತೆ.

ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಕಾರ್ಡನ್ನ ಮೂಲ ಅಂತ ಇಟ್ಟುಕೊಂಡು ಆಧಾರ್ ತಿದ್ದಿಸುವುದು ಸುಲಭ. ಆದರೆ ಅವಸರ ಬೇಡ. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅಕ್ಷರ ಅಕ್ಷರ ಹೋಲಿಸಿ ನೋಡಿ, ಆಮೇಲೆ ತಿದ್ದಿಸಿ.

ಇನ್ನೊಂದು ಮುಖ್ಯ ವಿಷಯ ಮೊಬೈಲ್ ನಂಬರ್. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿರುವ ನಂಬರಿಗೆ. ಹಳೇ ಸಿಮ್ ಬಿಸಾಕಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರ್ ಸೇರಿಸಿ. ಅರ್ಜಿ ಹಾಕಿಸುವಾಗ ಅಂಗಡಿಯವರ ನಂಬರ್ ಕೊಡಲೇಬೇಡಿ. ಮುಂದಿನ ಪ್ರತಿ ಸಲವೂ ಅವರ ಅಂಗಡಿ ತೆಗೆಯೋದನ್ನೇ ಕಾಯಬೇಕಾಗುತ್ತೆ.

3. ಬ್ಯಾಂಕ್: ಲಿಂಕ್ ಬೇರೆ, ಸೀಡಿಂಗ್ ಬೇರೆ

ಅರ್ಜಿ ಮಂಜೂರಾಗಿದೆ, ಹಣ ಮಾತ್ರ ಬಂದಿಲ್ಲ ಅನ್ನುವವರು ಮೊದಲು ನೋಡಬೇಕಾದ ಜಾಗ ಇದು. ಯುವನಿಧಿ ಹಣ ಡಿಬಿಟಿ ಮೂಲಕ ಬರುತ್ತೆ. ಡಿಬಿಟಿ ಹಣ ಆಧಾರ್ ನಂಬರ್ ಹಿಡಿದು, ಎನ್‌ಪಿಸಿಐ ಪಟ್ಟಿಯಲ್ಲಿ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ ಹೋಗುತ್ತೆ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಅಂದ ಮಾತ್ರಕ್ಕೆ ಆ ಪಟ್ಟಿಯಲ್ಲಿ ಅದೇ ಬ್ಯಾಂಕ್ ಇರುತ್ತೆ ಅಂತ ಹೇಳೋಕಾಗಲ್ಲ.

ಎರಡು ಮೂರು ಖಾತೆ ಇದ್ದವರಿಗೆ ಕೊನೆಗೆ ಸೀಡಿಂಗ್ ಆದ ಖಾತೆಗೆ ಹಣ ಹೋಗುತ್ತೆ. ಮೊಬೈಲಲ್ಲಿ ಎಂದೋ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಅದಾಗಿರಬಹುದು. ಮೈ ಆಧಾರ್ ವೆಬ್‌ಸೈಟಿನಲ್ಲಿ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ನೋಡಿದರೆ ಯಾವ ಬ್ಯಾಂಕ್ ಅಂತ ಗೊತ್ತಾಗುತ್ತೆ. ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿಗೆ ಹೋಗಿ "ಆಧಾರ್ ಸೀಡಿಂಗ್ ಮಾಡಿಕೊಡಿ, ಡಿಬಿಟಿಗೆ ಬೇಕು" ಅಂತಲೇ ಕೇಳಿ ಫಾರಂ ಕೊಡಿ. ಬರೀ "ಆಧಾರ್ ಲಿಂಕ್" ಅಂದರೆ "ಆಗಿದೆ ಹೋಗಿ" ಅಂತಾರೆ.

4. ಸ್ವಯಂ ಘೋಷಣೆ: ಬರ್ತಿದ್ದ ಹಣ ನಿಂತಿದ್ದರೆ

ಒಂದೆರಡು ಕಂತು ಬಂದು ಆಮೇಲೆ ನಿಂತುಹೋಗಿದ್ದರೆ ಮೊದಲು ಸ್ವಯಂ ಘೋಷಣೆ ನೋಡಿಕೊಳ್ಳಿ. "ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ" ಅಂತ ಸೇವಾ ಸಿಂಧುವಿನಲ್ಲಿ ಘೋಷಿಸಬೇಕು. ಶುರುವಿನಲ್ಲಿ ಇದು ಪ್ರತಿ ತಿಂಗಳು 25ರೊಳಗೆ ಇತ್ತು. ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿದರು. ಘೋಷಣೆ ಆಗದಿದ್ದರೆ ಹಣ ನಿಲ್ಲುತ್ತೆ.

ಕಷ್ಟ ಇರೋದು ಇಲ್ಲೇ. ಹೊಲದ ಕೆಲಸಕ್ಕೆ ಹೋದವರಿಗೆ, ನೆಟ್‌ವರ್ಕ್ ಇಲ್ಲದ ಊರಿನವರಿಗೆ ಕೊನೇ ದಿನ ಸರ್ವರ್ ಸಿಗಲಿಲ್ಲ ಅಂದರೆ ಮುಗೀತು. ತಿಂಗಳ ಮೊದಲ ವಾರದಲ್ಲೇ ಮಾಡಿಬಿಡಿ, ಮುಗಿದ ಮೇಲೆ ಬರುವ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಮ್ಮ ಮೊಬೈಲಲ್ಲೇ ಮಾಡಿಕೊಂಡರೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಕೆಲಸ ಸಿಕ್ಕ ಮೇಲೂ ಸಿಕ್ಕಿಲ್ಲ ಅಂತ ಘೋಷಿಸಿದರೆ ತಗೊಂಡ ಹಣ ವಾಪಸ್ ಕಟ್ಟಬೇಕು, ಕ್ರಮವನ್ನೂ ಎದುರಿಸಬೇಕು. ಪಿಎಫ್, ಇಎಸ್‌ಐ ಎರಡೂ ಆಧಾರ್‌ಗೆ ಜೋಡಣೆ ಆಗಿರುವುದರಿಂದ ಮುಚ್ಚಿಡೋಕಾಗುತ್ತೆ ಅಂದುಕೊಳ್ಳಬೇಡಿ.

ಉದ್ಯೋಗ ವಿನಿಮಯ ಕಚೇರಿ ಏನು ಮಾಡುತ್ತೆ?

ಯುವನಿಧಿ ಅರ್ಜಿದಾರರನ್ನ ಮೂಲ ದಾಖಲೆ ಪರಿಶೀಲನೆಗೆ ಕರೆಯುವುದು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ. ಕರೆ ಬಂದಾಗ ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿಗಳ ಮೂಲ ಪ್ರತಿ ಒಯ್ಯಿರಿ. ಒಂದು ಹಾಳೆ ಬಿಟ್ಟು ಹೋದರೆ ಇನ್ನೊಂದು ದಿನದ ಕೂಲಿ, ಬಸ್ ಚಾರ್ಜು ಹೋಯಿತು.

ಹಿರಿಯರು ಇಂದಿಗೂ "ಎಂಪ್ಲಾಯ್‌ಮೆಂಟ್ ಕಾರ್ಡ್ ಮಾಡಿಸು, ಕೆಲಸ ಬರುತ್ತೆ" ಅಂತಾರೆ. ಆ ಕಾಲ ಹೋಗಿದೆ. ಎರಡನೇ ಮಹಾಯುದ್ಧ ಮುಗಿದಾಗ ಸೇನೆಯಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಈ ವ್ಯವಸ್ಥೆ ಬಂತು. ದಕ್ಷಿಣ ಕನ್ನಡದ ಸಂಸದರಾಗಿದ್ದ ಬಿ. ಶಿವರಾವ್ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1956ರ ನವೆಂಬರ್ 1ರಿಂದ ಇದರ ಆಡಳಿತ ರಾಜ್ಯಗಳ ಕೈಗೆ ಬಂತು. ಕರ್ನಾಟಕ ಏಕೀಕರಣವಾದದ್ದೂ ಅದೇ ದಿನ.

1959ರ ಕಾಯ್ದೆ ಪ್ರಕಾರ ಸರ್ಕಾರಿ ಸಂಸ್ಥೆಗಳು ಮತ್ತು 25ಕ್ಕಿಂತ ಕಡಿಮೆ ಇಲ್ಲದಷ್ಟು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನ ಈ ಕಚೇರಿಗೆ ತಿಳಿಸಬೇಕಿತ್ತು. ಆದರೆ ಅಲ್ಲಿಂದಲೇ ಆಳು ತಗೋಬೇಕು ಅಂತ ಆ ಕಾಯ್ದೆಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟ್ ಕೂಡ 1996ರಲ್ಲಿ, ವಿನಿಮಯ ಕಚೇರಿಯ ಪಟ್ಟಿ ಒಂದನ್ನೇ ನೆಚ್ಚಬಾರದು, ಪತ್ರಿಕೆಗಳಲ್ಲೂ ಪ್ರಕಟಣೆ ಕೊಟ್ಟು ಎಲ್ಲರಿಗೂ ಅವಕಾಶ ಕೊಡಬೇಕು ಎಂದಿತು. ಈಗ ಕೆಪಿಎಸ್‌ಸಿ, ಕೆಇಎ ಹುದ್ದೆಗಳಿಗೆ ನೇರವಾಗಿ ಆನ್‌ಲೈನ್ ಅರ್ಜಿ. ಕಾರ್ಡ್ ಮಾಡಿಸಿ ಮನೆಯಲ್ಲಿ ಕೂತರೆ ಕರೆ ಬರುತ್ತೆ ಅಂತ ಕಾಯಬೇಡಿ.

ಹಾಗಂತ ಕಚೇರಿ ದಂಡ ಅಲ್ಲ. ಉದ್ಯೋಗ ಮೇಳದ ಮಾಹಿತಿ, ತರಬೇತಿ, ವೃತ್ತಿ ಮಾರ್ಗದರ್ಶನ ಅಲ್ಲಿ ಪುಕ್ಕಟೆ ಸಿಗುತ್ತೆ. ಡಿಗ್ರಿ ಬಿಟ್ಟವರೂ ಎಸ್‌ಎಸ್‌ಎಲ್‌ಸಿ, ಪಿಯುಸಿ ಮೇಲೆ ಹೆಸರು ನೋಂದಾಯಿಸಬಹುದು. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲೂ ನೋಂದಣಿ ಉಚಿತ. ಕೆಲಸ ಕೊಡಿಸ್ತೀವಿ, ರಿಜಿಸ್ಟ್ರೇಷನ್ ಫೀಸು ಕಟ್ಟಿ ಅಂತ ಫೋನ್ ಬಂದರೆ ನಂಬಬೇಡಿ.

ಇದ್ದ ಕೆಲಸ ಹೋದವರಿಗೆ

ಯುವನಿಧಿ ಹೊಸದಾಗಿ ಪಾಸಾದವರಿಗೆ. ಗಾರ್ಮೆಂಟ್ಸ್, ಶೋರೂಂ, ಫ್ಯಾಕ್ಟರಿಯಲ್ಲಿ ಇದ್ದು ಕೆಲಸ ಕಳೆದುಕೊಂಡವರಿಗೆ ಇಎಸ್‌ಐನಲ್ಲಿ ಬೇರೆ ಯೋಜನೆ ಇದೆ, ಹೆಸರು ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈ 1ರಿಂದ ಬಂದದ್ದು. ಮೊದಲು ಸರಾಸರಿ ದಿನಗೂಲಿಯ ಶೇ 25ರಷ್ಟು ಇತ್ತು, ಕೊರೊನಾ ಕಾಲದಲ್ಲಿ ಶೇ 50ಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನಗಳವರೆಗೆ ಸಿಗುತ್ತೆ. ಎರಡು ವರ್ಷ ಇಎಸ್‌ಐ ವಿಮೆಯಲ್ಲಿದ್ದು, ನಿಗದಿತ ಅವಧಿಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ದುರ್ನಡತೆ ಅಂತ ತೆಗೆದುಹಾಕಿದ್ದರೆ ಸಿಗಲ್ಲ. ಹಳೇ ಮಾಲೀಕರ ಬಾಗಿಲು ಕಾಯದೆ ನೀವೇ ನೇರವಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಯೋಜನೆಯನ್ನ ಅವಧಿ ಅವಧಿಗೆ ಮುಂದುವರಿಸುತ್ತಾ ಬಂದಿದ್ದಾರೆ. ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ ಹಾಕಿ.

ಅಂಗಡಿ ಮಾಲೀಕರ ಗಮನಕ್ಕೆ

"ಹೆಂಗೂ ಯುವನಿಧಿ ಬರುತ್ತಲ್ಲ, ನಾನು ಸ್ವಲ್ಪ ಕಡಿಮೆ ಕೊಡ್ತೀನಿ, ಲೆಕ್ಕದಲ್ಲಿ ಹೆಸರು ಬೇಡ" ಅನ್ನುವ ಮಾತು ಅಲ್ಲಲ್ಲಿ ನಡೆಯುತ್ತೆ. ಇದರಲ್ಲಿ ಸಿಕ್ಕಿಬೀಳೋದು ಕೆಲಸಕ್ಕೆ ಬಂದ ಹುಡುಗ ಅಥವಾ ಹುಡುಗಿ. ಘೋಷಣೆಗೆ ಸಹಿ ಅವರದು, ಹಣ ವಾಪಸ್ ಕಟ್ಟಬೇಕಾದವರೂ ಅವರೇ. ಸರ್ಕಾರದ ಭತ್ಯೆ ಸಂಬಳದ ಭಾಗ ಅಲ್ಲ, ಕನಿಷ್ಠ ವೇತನ ಕೊಡುವುದು ಮಾಲೀಕರ ಜವಾಬ್ದಾರಿ. ಹತ್ತು ಅಥವಾ ಹೆಚ್ಚು ಜನ ಇರುವ ಅಂಗಡಿಗಳು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಕಟ್ಟಬೇಕು. ಕಟ್ಟದಿದ್ದರೆ ನಾಳೆ ಕೆಲಸ ಹೋದಾಗ ಮೇಲೆ ಹೇಳಿದ ಹಣವೂ ಅವರಿಗೆ ಸಿಗಲ್ಲ.

ಆಳು ಬೇಕಿದ್ದರೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಅಥವಾ ಮೇಲಿನ ಪೋರ್ಟಲ್‌ಗಳಿಗೆ ತಿಳಿಸಬಹುದು, ಅದಕ್ಕೂ ದುಡ್ಡಿಲ್ಲ.

ಯಾರೂ ಉತ್ತರ ಕೊಡದಿದ್ದರೆ?

ಮುಖ್ಯಮಂತ್ರಿಗಳ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗ್ಯಾರಂಟಿ ಯೋಜನೆಗಳಿಗೆ ತಾಲ್ಲೂಕು ಮಟ್ಟದಲ್ಲೂ ಅನುಷ್ಠಾನ ಸಮಿತಿ ರಚಿಸಿದ್ದಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ, ಸಭೆಗೆ ಮುಂಚೆ ಲಿಖಿತ ಅರ್ಜಿ ಕೊಡಿ. ಹತ್ತು ಜನ ಸೇರಿ ಕೊಟ್ಟರೆ ಇನ್ನೂ ಒಳ್ಳೇದು. ಅದಕ್ಕೂ ಆಗದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಜತೆ ಮಾಹಿತಿ ಹಕ್ಕು ಅರ್ಜಿ ಹಾಕಿ. "ನನ್ನ ಅರ್ಜಿ ಯಾವ ಹಂತದಲ್ಲಿದೆ, ಯಾರ ಬಳಿ, ಎಷ್ಟು ದಿನದಿಂದ" ಅಂತ ಮೂರೇ ಪ್ರಶ್ನೆ ಸಾಕು. 30 ದಿನದಲ್ಲಿ ಉತ್ತರ ಕೊಡಬೇಕು.

ಫೈಲಿನಲ್ಲಿ ಇರಲಿ

ಎಲ್ಲ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ, ಆಧಾರ್, ಸೀಡಿಂಗ್ ಆದ ಖಾತೆಯ ಪಾಸ್‌ಬುಕ್, ಯುವನಿಧಿ ಅರ್ಜಿ ಸಂಖ್ಯೆ, ಪ್ರತಿ ಘೋಷಣೆಯ ಸ್ಕ್ರೀನ್‌ಶಾಟ್‌ನ ಪ್ರಿಂಟ್, ಕಚೇರಿಗಳಿಗೆ ಕೊಟ್ಟ ಪತ್ರಗಳ ಸೀಲು ಹಾಕಿದ ಪ್ರತಿ. ಯಾವ ದಿನ, ಯಾವ ಕಚೇರಿಗೆ ಹೋದಿರಿ, ಏನಂದರು ಅಂತ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಮುಂದಿನ ಸಲ "ಅಲ್ಲಿಗೆ ಹೋಗಿ" ಅಂದಾಗ ಆ ಹಾಳೆ ಮುಂದಿಟ್ಟು, ಅಲ್ಲಿಂದಲೇ ಬಂದಿದ್ದೇವೆ, ಅವರು ಹೇಳಿದ್ದು ಇದು, ಈಗ ನೀವು ಬರೆದು ಕೊಡಿ ಅಂತ ಕೇಳಬಹುದು.