ಅಬ್ಬಿಗಳು ದೂರವಾದದ್ದು ಯಾವಾಗ?

ಉತ್ತರ ಕನ್ನಡದ ಉಂಚಳ್ಳಿ ಜಲಪಾತದ ಬಗ್ಗೆ ಬರೆಯುವವರು ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ಕಲೆಕ್ಟರ್ ಜೆ. ಡಿ. ಲಷಿಂಗ್ಟನ್ 1845ರಲ್ಲಿ ಇದನ್ನು ಪತ್ತೆ ಹಚ್ಚಿದರು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವ ಈ ತಾಣ ಬಹುಕಾಲ ಆ ಅಧಿಕಾರಿಯ ಹೆಸರಿನಲ್ಲೇ ದಾಖಲೆಗಳಲ್ಲಿತ್ತು. ಊರವರು ಅದನ್ನು ಕೆಪ್ಪ ಜೋಗ ಎಂದು ಕರೆಯುತ್ತ ಬಂದಿದ್ದರು. ಮೊದಲು ಕಂಡವರು ಯಾರೆಂಬ ಜಗಳ ಇಲ್ಲಿ ಮುಖ್ಯವಲ್ಲ. ಯುರೋಪಿಯನ್ನರ ಪೈಕಿ ಲಷಿಂಗ್ಟನ್ ಮೊದಲಿಗರು ಎಂದು ತಿದ್ದಿಕೊಂಡರೆ ಅದು ಮುಗಿಯುತ್ತದೆ. ಆ ಮಾತಿನ ಬೆನ್ನಿಗೆ ಬಂದ ಇನ್ನೊಂದು ನಂಬಿಕೆ ಮಾತ್ರ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಘಟ್ಟದ ಬುಡದ ಸಣ್ಣಪುಟ್ಟ ಜಲಪಾತಗಳೆಲ್ಲ ಅನಾದಿಯಿಂದಲೂ ಮನುಷ್ಯರ ಹೆಜ್ಜೆ ಸೋಕದ ದುರ್ಗಮ ಜಾಗಗಳು, ಅಲ್ಲಿಗೆ ನಡೆದು ಹೋಗುವುದೇ ಇತ್ತೀಚಿನ ಸಾಹಸ ಎಂಬ ನಂಬಿಕೆ ಅದು. ನನಗೆ ಕಾಣುವುದು ಇದರ ತಿರುವುಮುರುವು. ಈ ಕಣಿವೆಗಳು ದುರ್ಗಮವಾದದ್ದೇ ಇತ್ತೀಚೆಗೆ. ಹತ್ತೊಂಬತ್ತನೇ ಶತಮಾನದ ರಸ್ತೆ, ಕಾನೂನು ಮತ್ತು ರೈಲು ಸೇರಿ ಅವನ್ನು ದೂರ ಮಾಡಿದವು.

ಮೊದಲು ಭೂಪಟವನ್ನೇ ನೋಡೋಣ. ಘಟ್ಟದ ಮೇಲೆ ಸೋದೆ ಮತ್ತು ಬಿಳಗಿ, ಎರಡೂ ಅರಸುಮನೆತನಗಳ ನೆಲೆ. ಕೆಳಗೆ ಅಘನಾಶಿನಿಯ ದಡದಲ್ಲಿ ಮಿರ್ಜಾನ್ ಕೋಟೆ, ಶರಾವತಿಯ ದಡದಲ್ಲಿ ಗೇರುಸೊಪ್ಪೆ. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಆಕೆಯ ಬಂದರುಗಳಿಗೆ ಇಳಿದು ಬರುತ್ತಿದ್ದ ಸರಕಿನಿಂದಾಗಿ. ಆ ಮೆಣಸು ಬೆಳೆಯುತ್ತಿದ್ದದ್ದು ಘಟ್ಟದ ಕಣಿವೆಗಳ ಅಡಿಕೆ ತೋಟಗಳಲ್ಲಿ, ಮರಕ್ಕೆ ಹಬ್ಬಿದ ಬಳ್ಳಿಗಳಲ್ಲಿ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಸೋದೆ ಸೀಮೆಗೆ ಬಂದು ಈ ತೋಟಗಳ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾರೆ. ತೋಟದಿಂದ ಬಂದರಿಗೆ ಮೆಣಸು, ಅಡಿಕೆ, ಏಲಕ್ಕಿ ಇಳಿಯಬೇಕು. ಸಾಣಿಕಟ್ಟೆಯ ಆಗರಗಳ ಉಪ್ಪು, ಕರಾವಳಿಯ ತೆಂಗು, ಒಣಮೀನು ಮೇಲೇರಬೇಕು. ಗಾಡಿ ಹತ್ತದ ಕಾಲದಲ್ಲಿ ಇದೆಲ್ಲ ಸಾಗಿದ್ದು ಹೇರೆತ್ತುಗಳ ಬೆನ್ನ ಮೇಲೆ, ಆಳುಗಳ ತಲೆಯ ಮೇಲೆ. ಎತ್ತು ನಡೆಯುವ ದಾರಿಗೆ ಎರಡು ಅನುಕೂಲ ಇರಲೇಬೇಕು, ಕುಡಿಯಲು ನೀರು ಮತ್ತು ಇಳಿಯಲು ಹಿತವಾದ ಏಣು. ಎರಡೂ ಸಿಗುವುದು ಹಳ್ಳದ ಮಗ್ಗುಲಲ್ಲೇ. ದೇವಿಮನೆ, ನೀಲ್ಕುಂದ, ದೊಡ್ಮನೆ, ವಡ್ಡಿ ಘಟ್ಟಗಳ ಆಸುಪಾಸಿನಲ್ಲೇ ಇಂದಿನ ಚಾರಣಿಗರ ಜಲಪಾತಗಳೂ ಇರುವುದು ಕಾಕತಾಳೀಯವಲ್ಲ. ಉಂಚಳ್ಳಿ ಇರುವುದು ನೀಲ್ಕುಂದದ ನೆರೆಯಲ್ಲಿ. ಯಾಣದ ಹತ್ತಿರದ ಪುಟ್ಟ ವಿಭೂತಿ ಜಲಪಾತ ವಡ್ಡಿ ಘಟ್ಟದ ಕೆಳಗಿನ ಮಾಬಗಿಯ ಬಳಿ.

ವ್ಯಾಪಾರದ ದಾರಿಗಿಂತ ಹಳೆಯದೂ ಒತ್ತಾದದ್ದೂ ಆದ ಇನ್ನೊಂದು ಬಲೆಯಿತ್ತು, ದಿನನಿತ್ಯದ ಕೆಲಸದ ದಾರಿಗಳದು. ಘಟ್ಟದ ತೋಟದ ಮನೆಗೆ ನೀರು ಬರುವ ಬಗೆಯನ್ನೇ ತೆಗೆದುಕೊಳ್ಳಿ. ಮನೆಗಿಂತ ಎತ್ತರದಲ್ಲಿ, ಬೇಸಿಗೆಯಲ್ಲೂ ಬತ್ತದ ಒಂದು ಸಣ್ಣ ಅಬ್ಬಿಯನ್ನು ಆರಿಸುತ್ತಾರೆ. ಬೀಳುವ ಜಾಗದಿಂದ ತುಸು ಮೇಲೆ ಕಲ್ಲು, ಮಣ್ಣು, ಸೊಪ್ಪು ಒತ್ತಿ ಪುಟ್ಟ ಒಡ್ಡು ಕಟ್ಟುತ್ತಾರೆ. ಮುದಿ ಅಡಿಕೆ ಮರವನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗಿನ ಮೆತ್ತನೆಯ ತಿರುಳನ್ನು ಕೆರೆದು ತೆಗೆದರೆ ದಂಬೆ ಸಿದ್ಧ. ಒಂದರ ಬಾಯಿ ಇನ್ನೊಂದರ ಮೇಲೆ ಕೂರುವಂತೆ ಕವಲುಗೂಟಗಳ ಮೇಲೆ ಸಾಲಾಗಿ ಇಟ್ಟು, ಎಲ್ಲೂ ಓಟ ತಪ್ಪದ ಹಾಗೆ ಅಂಗಳದವರೆಗೆ ತರುತ್ತಾರೆ. ಗಾಳಿಮಳೆಗೆ ಒಂದು ಗೂಟ ವಾಲಿದರೂ ಬಚ್ಚಲಿಗೆ ನೀರಿಲ್ಲ. ಹಾಗಾಗಿ ಮನೆಯ ಯಾರಾದರೊಬ್ಬರು ಆಗಾಗ ದಂಬೆಯ ಗುಂಟ ಅಬ್ಬಿಯ ನೆತ್ತಿಯವರೆಗೆ ನಡೆದು, ಕಟ್ಟಿಕೊಂಡ ದರಕು ತೆಗೆದು ಬರಲೇಬೇಕಿತ್ತು. ಇದರ ಜೊತೆಗೆ ಸೊಪ್ಪಿನ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷ್ ಆಡಳಿತವೇ ಕೊನೆಗೆ ಒಪ್ಪಿಕೊಂಡಿತು. ತೋಟಕ್ಕೆ ಹಸಿಸೊಪ್ಪು, ಕೊಟ್ಟಿಗೆಗೆ ದರಕು ತರಲು ಹೆಂಗಸರೂ ಆಳುಗಳೂ ಆ ಇಳಿಜಾರುಗಳನ್ನು ವರ್ಷವಿಡೀ ತುಳಿದರು. ಹಳ್ಳಕ್ಕೆ ಅಡ್ಡಲಾಗಿ ಮರದ ಸಂಕ, ಬೇಲಿ ದಾಟಲು ದಣಪೆ, ಜಾರುವಲ್ಲಿ ಒಂದು ಚಪ್ಪಡಿ ಕಲ್ಲು. ಚಾರಣಿಗರು ಇಂದು ಕಾಡಿನ ಜಾಡು ಎಂದುಕೊಂಡು ಹಿಡಿಯುವ ಎಷ್ಟೋ ಕಾಲುದಾರಿಗಳಲ್ಲಿ ಈ ಕೈಕೆಲಸದ ಗುರುತು ಉಳಿದಿದೆ.

ಹಾಗಿದ್ದರೆ ಇವು ದೂರವಾದದ್ದು ಹೇಗೆ? ಮೊದಲ ಏಟು ಗಾಡಿರಸ್ತೆಯದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿಯತೊಡಗಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಇತ್ತ ಹೊರಳಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಒತ್ತಾಯವಿತ್ತು. ದೇವಿಮನೆಯಂಥ ಒಂದೆರಡು ಘಟ್ಟಗಳಿಗೆ ಗಾಡಿ ಹತ್ತಿದ ಮೇಲೆ ಹೇರೆತ್ತಿನ ಉಳಿದ ದಾರಿಗಳಿಗೆ ಕೆಲಸ ಕಡಿಮೆಯಾಯಿತು. 1880ರ ದಶಕದ ಕೊನೆಗೆ ಮರ್ಮಗೋವಾ ರೈಲು ಬಂದು ಕುಮಟಾ ಬಂದರೇ ಸೊರಗಿತು. ಎರಡನೆಯ ಏಟು ಕಾಡಿನ ಕಾನೂನಿನದು, ಮತ್ತು ಮನುಷ್ಯರಿಗೆ ಹೆಚ್ಚು ನೋವು ಕೊಟ್ಟದ್ದು ಇದೇ. ಕುಣಬಿಗಳು, ಕುಮ್ರಿ ಮರಾಠಿಗಳು, ಕರೆ ಒಕ್ಕಲಿಗರು ಬೆಟ್ಟದ ಇಳಿಜಾರಿನಲ್ಲಿ ಕಾಡು ಸವರಿ, ಸುಟ್ಟು, ರಾಗಿ ಬೆಳೆದು, ಜಾಗ ಬದಲಿಸುತ್ತಿದ್ದ ಕುಮ್ರಿ ಬೇಸಾಯಕ್ಕೆ 1860ರಲ್ಲಿ ಮದರಾಸು ಸರ್ಕಾರ ಕಡಿವಾಣ ಹಾಕಿತು. ಆಗ ಅಲ್ಲಿ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದವರು ಹ್ಯೂ ಕ್ಲೆಗಾರ್ನ್. 1878ರ ಅರಣ್ಯ ಕಾಯ್ದೆ ಬಂದ ನಂತರ ವಿಶಾಲ ಪ್ರದೇಶಗಳು ಮೀಸಲು ಅರಣ್ಯವಾದವು. ಕಣಿವೆಯ ಒಳಗಿನ ಒಕ್ಕಲುಗಳು ಕರಗಿದಂತೆ ದಾರಿ ಸವರುವ ಕೈಗಳೂ ಕರಗಿದವು. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಘಟ್ಟದ ದಾರಿ ಮುಚ್ಚಿಹೋಗುತ್ತದೆ. ಮುಂಬಯಿ ಪ್ರಾಂತ್ಯದ ಕೆನರಾ ಗ್ಯಾಝೆಟಿಯರ್ 1883ರಲ್ಲಿ ಅಚ್ಚಾಗಿ ಲಷಿಂಗ್ಟನ್, ಮಾಗೋಡು, ಗೇರುಸೊಪ್ಪೆ ಜಲಪಾತಗಳನ್ನು ನೋಡತಕ್ಕ ತಾಣಗಳೆಂದು ವರ್ಣಿಸಿದ್ದು ಈ ಮುಚ್ಚುವಿಕೆ ನಡೆಯುತ್ತಿದ್ದ ಕಾಲದಲ್ಲೇ. ದುಡಿಯುವವರು ಹೊರಬಿದ್ದ ಕಣಿವೆ ನೋಡುವವರಿಗೆ ನಿರ್ಜನವಾಗಿಯೇ ಕಂಡಿತು.

ಇದಕ್ಕೆ ಎದುರು ಮಾತುಗಳಿವೆ. ಘಟ್ಟದ ಕಡಿದಾದ ಇಳಿಜಾರು, ನಾಲ್ಕು ತಿಂಗಳ ಬಿಡದ ಮಳೆ, ಉಂಬಳ, ಮಲೇರಿಯಾ ಇವೆಲ್ಲ ಕಾನೂನಿನಿಂದ ಬಂದವಲ್ಲವಲ್ಲ ಎನ್ನಬಹುದು. ನಿಜ. ಉಂಚಳ್ಳಿಯ ಗುಂಡಿಯ ತಳಕ್ಕೆ ಇಳಿಯುವುದು ಯಾವ ಕಾಲದಲ್ಲೂ ಸಲೀಸಾಗಿರಲಿಲ್ಲ. ಎತ್ತಿನ ವ್ಯಾಪಾರವೂ ಮಳೆ ಮುಗಿದ ಮೇಲಿನ ತಿಂಗಳುಗಳದ್ದು. ಆದರೆ ಕಷ್ಟದ ದಾರಿ ಬೇರೆ, ಇಲ್ಲದ ದಾರಿ ಬೇರೆ. ಇದೇ ಇಳಿಜಾರು, ಇದೇ ಮಳೆಯಲ್ಲಿ ಮೆಣಸು ಕಡಲು ದಾಟಿ ಹೋಯಿತಲ್ಲ! ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು: ಉಪ್ಪು ಹೊತ್ತವನು, ಸೊಪ್ಪು ತಂದವಳು ಜಲಪಾತವನ್ನು ನೋಡಲೆಂದು ಹೋಗಲಿಲ್ಲ, ನೋಟಕ್ಕಾಗಿ ನಡೆಯುವ ರೂಢಿ ಬ್ರಿಟಿಷರು ತಂದದ್ದು. ಬಂಗಲೆ, ನೋಟದ ಕಟ್ಟೆ, ಅಡಿಗಳಲ್ಲಿ ಅಳೆದ ಎತ್ತರ, ಇವು ಆ ರೂಢಿಯವು ಎಂಬುದನ್ನು ನಾನು ಒಪ್ಪುತ್ತೇನೆ. ಕೆಲಸವಿಲ್ಲದೆ ದೂರ ನಡೆದು ಪ್ರಕೃತಿಯ ಒಂದು ಅಚ್ಚರಿಯ ಮುಂದೆ ನಿಲ್ಲುವುದು ಮಾತ್ರ ಅವರಿಂದ ಕಲಿತದ್ದಲ್ಲ. ಯಾಣದ ಕಪ್ಪು ಬಂಡೆಗಳ ನಡುವಿನ ಭೈರವೇಶ್ವರನ ಮೇಲೆ ನೀರು ತಾನಾಗಿ ಜಿನುಗುತ್ತದೆ. ಶಿವರಾತ್ರಿಗೆ ಅಲ್ಲಿಗೆ ಕಾಡು ಹಾದು ಜನ ನಡೆದು ಬರುವ ಪದ್ಧತಿ ಹಳೆಯದು. ಭಕ್ತಿ ಮತ್ತು ಸೊಬಗು ಆ ನಡಿಗೆಯಲ್ಲಿ ಬೇರೆಬೇರೆಯಾಗಿರಲಿಲ್ಲ ಅಷ್ಟೆ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಮುಖ್ಯ. ಈ ಕಾಡು ಮನುಷ್ಯರು ತುಳಿದದ್ದೇ ಎಂದು ಹೇಳಿಬಿಟ್ಟರೆ ಅಣೆಕಟ್ಟು ಕಟ್ಟುವವರಿಗೆ, ರೆಸಾರ್ಟ್ ಮಾಡುವವರಿಗೆ ನಾವೇ ಬಾಗಿಲು ತೆರೆದಂತೆ ಆಗದೇ? ಇಲ್ಲಿನ ಚರಿತ್ರೆ ಹೇಳುವುದು ಬೇರೆ. ಮಾಗೋಡಿನಲ್ಲಿ ಧುಮುಕುವ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಅದನ್ನು ಎದುರಿಸಿ ನಿಂತವರು ಅದೇ ಕಣಿವೆಯ ತೋಟಿಗರು. ಅವರ ಸಂಸ್ಥೆಯಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ, ಮುಳುಗುವ ತೋಟ ಮತ್ತು ಕಾಡಿನ ಬೆಲೆಯನ್ನು ಲೆಕ್ಕ ಹಾಕಿಸಿ ಚರ್ಚೆಗಿಟ್ಟಿತು. ಯೋಜನೆ ಆಗ ಕೈಬಿಟ್ಟುಹೋಯಿತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಹುಟ್ಟಿತು. ಅವರೂ ಸೊಪ್ಪಿಗೆ, ಸೌದೆಗೆ ಅದೇ ಕಾಡಿಗೆ ಹೋಗುತ್ತಿದ್ದವರು. 2011ರಲ್ಲಿ ಉಂಚಳ್ಳಿಯ ಸುತ್ತಲಿನ ಕಾಡೂ ಸೇರಿದಂತೆ ಸುಮಾರು 300 ಚದರ ಕಿಲೋಮೀಟರನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಸಾರಿದರು. ಅಳಿವಿನಂಚಿನ ಆ ಕೋತಿ ಉಳಿದುಕೊಂಡದ್ದು ತೋಟ, ಬೆಟ್ಟ, ದೇವರಕಾಡುಗಳು ಹೆಣೆದುಕೊಂಡ ಇಂಥ ನಾಡಿನಲ್ಲೇ. ಆದ್ದರಿಂದ ವಾರಾಂತ್ಯದ ಗುಂಪುಗಳಿಗೆ ಯಾವ ಜಾಡು ತೆರೆಯಬೇಕು, ಯಾವುದನ್ನು ಮಳೆಗಾಲದಲ್ಲಿ ಮುಚ್ಚಬೇಕು, ಎಷ್ಟು ಜನರನ್ನು ಬಿಡಬೇಕು ಎಂಬ ತೀರ್ಮಾನ ಕಣಿವೆಯ ಪಂಚಾಯಿತಿ ಮತ್ತು ಗ್ರಾಮ ಅರಣ್ಯ ಸಮಿತಿಯ ಕೈಯಲ್ಲಿರಬೇಕು ಎಂದು ವಾದಿಸುತ್ತೇನೆ. ಮೇಲಿನ ಗುಂಡಿಯಲ್ಲಿ ಸಾಬೂನು ಹಚ್ಚಿ ಮಿಂದರೆ ಆ ನೀರು ಕೆಳಗಿನ ಯಾವ ಮನೆಯ ಕೊಡಕ್ಕೆ ಬೀಳುತ್ತದೆ ಎಂಬುದು ಗೊತ್ತಿರುವುದು ಅವರಿಗೇ. ದಂಬೆಯ ಜಾಗಕ್ಕೆ ಇಂದು ಕಪ್ಪು ಪೈಪು ಬಂದಿರಬಹುದು, ಅಬ್ಬಿ ಮಾತ್ರ ಬದಲಾಗಿಲ್ಲ.