ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಾದರಿ ಹಿಡಿಕೆ ಮತ್ತು ಶೀತಲ ವ್ಯವಸ್ಥೆ: ಒಂದು ಚಾರಿತ್ರಿಕ ಅವಲೋಕನ

ಉಪಕರಣವೊಂದನ್ನು ಅದರ ಪ್ರಧಾನ ಅಂಗದಿಂದಲೇ ಗುರುತಿಸುವುದು ಲೋಕರೂಢಿ. ನೇಗಿಲೆಂದೊಡನೆ ಗುಳ ನೆನಪಾಗುತ್ತದೆ. ಅದನ್ನು ಅಂಕೆಯಲ್ಲಿಟ್ಟು ನಡೆಸುವ ಹಿಡಿ ನೆನಪಾಗುವುದಿಲ್ಲ. ಭೌತಿಕ ಸಂಸ್ಕೃತಿಯ ಅಧ್ಯಯನವು ಇಂತಹ ಅಲಕ್ಷಿತ ಅಂಗಗಳ ಕಡೆಗೆ ಗಮನ ಸೆಳೆಯುತ್ತದೆ. ಈ ದೃಷ್ಟಿಯನ್ನು ಆಧುನಿಕ ವಿಜ್ಞಾನದ ಉಪಕರಣಗಳಿಗೂ ಅನ್ವಯಿಸಬಹುದಾಗಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚರಿತ್ರೆಯನ್ನು ಸಾಮಾನ್ಯವಾಗಿ ಮಸೂರಗಳ ಚರಿತ್ರೆಯೆಂದೇ ಬರೆಯಲಾಗಿದೆ. ಆದರೆ ಜೀವಿಗಳ ಸೂಕ್ಷ್ಮ ರಚನೆಯನ್ನು ಕಾಣುವ ವಿಷಯದಲ್ಲಿ ಮಸೂರದಷ್ಟೇ ನಿರ್ಣಾಯಕವಾದ ಪಾತ್ರವನ್ನು ಮಾದರಿಯನ್ನು ಹಿಡಿದಿಡುವ ಹಿಡಿಕೆಯೂ ಅದನ್ನು ತಂಪಾಗಿರಿಸುವ ವ್ಯವಸ್ಥೆಯೂ ವಹಿಸಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಿರೂಪಿಸಲು ಪ್ರಯತ್ನಿಸಲಾಗಿದೆ.

1931ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕಾ ಅವರು ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರಚಿಸಿದರು. 1933ರಲ್ಲಿ ರುಸ್ಕಾ ನಿರ್ಮಿಸಿದ ಉಪಕರಣವು ಬೆಳಕಿನ ಸೂಕ್ಷ್ಮದರ್ಶಕದ ಮಿತಿಯನ್ನು ದಾಟಿತು. ಆದರೆ ಅದರಲ್ಲಿಟ್ಟ ಹತ್ತಿಯ ಎಳೆಗಳು ಎಲೆಕ್ಟ್ರಾನ್ ಕಿರಣದ ತಾಪಕ್ಕೆ ಕರಿಕಾದವು. ನೋಡುವ ಕ್ರಿಯೆಯೇ ನೋಡಬೇಕಾದ ವಸ್ತುವನ್ನು ನಾಶಪಡಿಸುತ್ತಿತ್ತು. 1934ರಲ್ಲಿ ಬ್ರಸೆಲ್ಸ್‌ನಲ್ಲಿ ಲಾಡಿಸ್ಲಾಸ್ ಮಾರ್ಟನ್ ಅವರು ಕೀಟಾಹಾರಿ ಸಸ್ಯವೊಂದರ ಎಲೆಯನ್ನು ಆಸ್ಮಿಯಮ್‌ನಿಂದ ಸಂಸ್ಕರಿಸಿ ಚಿತ್ರ ತೆಗೆದರು. ಇನ್ನೊಂದು ತೊಡಕು ನೀರಿನದು. ಎಲೆಕ್ಟ್ರಾನ್‌ಗಳು ಗಾಳಿಯಲ್ಲಿ ಚದುರಿಹೋಗುವುದರಿಂದ ಉಪಕರಣದ ಒಳಭಾಗ ನಿರ್ವಾತವಾಗಿರಬೇಕು; ನಿರ್ವಾತದಲ್ಲಿ ನೀರು ಆವಿಯಾಗುತ್ತದೆ; ಜೀವಕೋಶದ ಬಹುಪಾಲು ನೀರೇ ಆಗಿದೆ. ಹೀಗಾಗಿ ಹಲವು ದಶಕಗಳ ಕಾಲ ಒಣಗಿಸಿದ, ಲೋಹಲವಣಗಳನ್ನು ಲೇಪಿಸಿದ ಮಾದರಿಗಳನ್ನೇ ವಿದ್ವಾಂಸರು ನೋಡಬೇಕಾಯಿತು.

ಮಾದರಿಯ ಆಸನವು ಸುಮಾರು 3 ಮಿಲಿಮೀಟರ್ ವ್ಯಾಸದ ಲೋಹದ ಜಾಲರಿ. ಇದನ್ನು ಉದ್ದನೆಯ ಸರಳಿನ ತುದಿಯಲ್ಲಿ ಕೂರಿಸಿ, ನಿರ್ವಾತ ಕೆಡದಂತೆ ಒಂದು ಕಿರುಕೋಣೆಯ ಮೂಲಕ ಪಕ್ಕದಿಂದ ಒಳಗೆ ತೂರಿಸುವ ಪದ್ಧತಿ ವ್ಯಾಪಕವಾಗಿ ಬಳಕೆಗೆ ಬಂದಿತು. ಸರಳು ಬೇಕಾದ ಕೋನಕ್ಕೆ ಬಾಗಬೇಕು, ಆದರೆ ಚಿತ್ರ ಮೂಡುವ ಕ್ಷಣದಲ್ಲಿ ಪರಮಾಣುವಿನ ಅಗಲದಷ್ಟೂ ಅಲುಗಬಾರದು. ಇಂತಹ ಸರಳನ್ನು ತಂಪುಗೊಳಿಸುವುದು ಸುಲಭಸಾಧ್ಯವಲ್ಲ.

ತಂಪಿನ ಅಗತ್ಯವೇನು ಎಂಬುದನ್ನು ಇಲ್ಲಿ ಗಮನಿಸಬೇಕು. ಶೈತ್ಯವು ಕಿರಣದ ಹಾನಿಯನ್ನು ಸಂಪೂರ್ಣವಾಗಿ ತಡೆಯುವುದಿಲ್ಲ. ಆದರೆ ಮುರಿದ ಅಣುಭಾಗಗಳು ಚದುರದೆ ಇದ್ದಲ್ಲಿಯೇ ಉಳಿಯುವುದರಿಂದ ಮಾದರಿಯು ಹಲವು ಪಟ್ಟು ಹೆಚ್ಚು ಎಲೆಕ್ಟ್ರಾನ್‌ಗಳನ್ನು ತಾಳಿಕೊಳ್ಳುತ್ತದೆ. ಹಿಮವೂ ನಿರ್ವಾತದಲ್ಲಿ ಆವಿಯಾಗದೆ ನಿಲ್ಲುತ್ತದೆ. ವೆನೆಜುವೆಲಾದ ಹುಂಬರ್ಟೊ ಫರ್ನಾಂಡೆಸ್-ಮೊರಾನ್ ಅವರು 1960ರ ದಶಕದಲ್ಲಿ ದ್ರವ ಹೀಲಿಯಂ ಬಳಸಿ ಈ ದಾರಿಯಲ್ಲಿ ಪ್ರಯೋಗ ನಡೆಸಿದರು. 1974ರಲ್ಲಿ ಅಮೆರಿಕದ ಕೆನೆತ್ ಟೇಲರ್ ಮತ್ತು ರಾಬರ್ಟ್ ಗ್ಲೇಸರ್ ಅವರು ನೀರಿನಂಶ ಸಹಿತವಾಗಿ ಹೆಪ್ಪುಗಟ್ಟಿಸಿದ ಪ್ರೋಟೀನ್ ಹರಳುಗಳು ನಿರ್ವಾತದಲ್ಲಿಯೂ ತಮ್ಮ ರಚನೆಯನ್ನು ಉಳಿಸಿಕೊಳ್ಳುತ್ತವೆ ಎಂಬುದನ್ನು ತೋರಿಸಿಕೊಟ್ಟರು.

ಆದರೂ ಸಾಮಾನ್ಯ ಮಂಜುಗಡ್ಡೆಯ ಹರಳುಗಳು ಕೋಶದ ರಚನೆಯನ್ನು ಸೀಳುತ್ತವೆ, ಎಲೆಕ್ಟ್ರಾನ್‌ಗಳನ್ನು ಅಡ್ಡಾದಿಡ್ಡಿಯಾಗಿ ಚದುರಿಸುತ್ತವೆ. ನೀರು ಹರಳುಗಟ್ಟಲು ಅವಕಾಶವಿಲ್ಲದಷ್ಟು ಶೀಘ್ರವಾಗಿ ತಣಿದರೆ ಗಾಜಿನಂತೆ ಘನೀಭವಿಸುತ್ತದೆ. 1980ರಲ್ಲಿ ಆಸ್ಟ್ರಿಯಾದ ಬ್ರುಗ್ಗೆಲ್ಲರ್ ಮತ್ತು ಮೇಯರ್ ಅವರೂ, 1981ರಲ್ಲಿ ಹೈಡಲ್‌ಬರ್ಗ್‌ನ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಜಾಕ್ ಡುಬೊಶೆ ಮತ್ತು ಅಲಾಸ್ಡೇರ್ ಮೆಕ್‌ಡೊವಾಲ್ ಅವರೂ ಇದನ್ನು ಸಾಧಿಸಿದರು. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿಯೇ ನೇರವಾಗಿ ಅದ್ದಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಕಾದ ಹಂಚಿನ ಮೇಲೆ ಚಿಮುಕಿಸಿದ ನೀರಿನ ಹನಿ ತನ್ನ ಆವಿಯ ಮೇಲೆಯೇ ತೇಲಿ ಕುಣಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಕುದಿಯುವ ಸಾರಜನಕವೂ ಮಾದರಿಯ ಸುತ್ತ ಅಂತಹುದೇ ಆವಿಯ ಹೊದಿಕೆಯನ್ನು ನಿರ್ಮಿಸಿ ತಣಿಯುವ ವೇಗವನ್ನು ಕುಗ್ಗಿಸುತ್ತದೆ. ಆದ್ದರಿಂದ ಸಾರಜನಕದಿಂದ ತಣಿಸಿದ ದ್ರವ ಈಥೇನ್ ಬಳಕೆಗೆ ಬಂದಿತು. 1984ರಲ್ಲಿ ಇದೇ ವಿಧಾನದಿಂದ ವೈರಾಣುಗಳ ಸ್ಪಷ್ಟ ಚಿತ್ರಗಳು ಪ್ರಕಟವಾದವು.

ಇಲ್ಲಿಂದ ಮುಂದೆ ಹೊಣೆಯೆಲ್ಲವೂ ಹಿಡಿಕೆಯದಾಯಿತು. ಗಾಜುಹಿಮವು ಸುಮಾರು ಮೈನಸ್ 135 ಡಿಗ್ರಿಗಿಂತ ಬೆಚ್ಚಗಾದರೆ ಹರಳುಗಟ್ಟುತ್ತದೆ. ಒಮ್ಮೆ ಕೆಟ್ಟದ್ದು ಮರಳಿ ಸರಿಯಾಗುವುದಿಲ್ಲ. ಪಕ್ಕದಿಂದ ತೂರಿಸುವ ಶೀತಲ ಹಿಡಿಕೆಯ ಹೊರತುದಿಯಲ್ಲಿ ದ್ರವ ಸಾರಜನಕದ ಪುಟ್ಟ ಡ್ಯೂವಾರ್ ಪಾತ್ರೆ ಇರುತ್ತದೆ. ಅಲ್ಲಿಂದ ಉಷ್ಣವಾಹಕ ಲೋಹದ ಸರಳೊಂದು ತುದಿಯವರೆಗೆ ಶೈತ್ಯವನ್ನು ಒಯ್ಯುತ್ತದೆ. ಹಿಡಿಕೆಯನ್ನು ಸೂಕ್ಷ್ಮದರ್ಶಕಕ್ಕೆ ಸೇರಿಸುವಾಗ ಹೊರಗಿನ ತೇವವು ಮಂಜಾಗಿ ಕೂರದಂತೆ ಮಾದರಿಯ ಮೇಲೆ ಒಂದು ಪುಟ್ಟ ಮುಚ್ಚಳ ಸರಿಯುತ್ತದೆ. ಒಳಗೆ ಮಾದರಿಗಿಂತ ತಂಪಾದ ಫಲಕಗಳನ್ನಿರಿಸಿ ಉಳಿದ ನೀರಾವಿ ಅವುಗಳ ಮೇಲೆಯೇ ಕೂರುವಂತೆ ಮಾಡಲಾಗುತ್ತದೆ. ಆದರೆ ಸಾರಜನಕ ಕುದಿಯುವಾಗಿನ ಗುಳ್ಳೆಗಳಿಂದ ಸರಳು ಕಂಪಿಸುವುದೂ, ಉಷ್ಣತೆಯ ವ್ಯತ್ಯಾಸದಿಂದ ಮಾದರಿ ಮೆಲ್ಲನೆ ಜರುಗುವುದೂ ಬಹುಕಾಲ ಬಾಧಿಸಿದ ಸಮಸ್ಯೆಗಳು. ಜಪಾನಿನ ಯೋಶಿನೋರಿ ಫುಜಿಯೋಶಿ ಮತ್ತು ಸಂಗಡಿಗರು ದ್ರವ ಹೀಲಿಯಂನಿಂದ ತಣಿಯುವ ಸ್ಥಿರ ವೇದಿಕೆಯನ್ನು ರೂಪಿಸಿ 1991ರಲ್ಲಿ ಅದರ ವಿವರ ಪ್ರಕಟಿಸಿದರು. ಮುಂದೆ ಹಲವು ಜಾಲರಿಗಳನ್ನು ಒಮ್ಮೆಗೇ ತುಂಬಿ, ಸಾರಜನಕವನ್ನೂ ತಾನೇ ತುಂಬಿಕೊಳ್ಳುವ ಸ್ವಯಂಚಾಲಿತ ಯಂತ್ರಗಳು ಬಂದವು. ಮನುಷ್ಯನ ಕೈ ಹಿಂದೆ ಸರಿಯಿತು.

2017ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಡುಬೊಶೆ, ಯೋಆಕಿಮ್ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್ಸನ್ ಅವರಿಗೆ ಹಂಚಲಾಯಿತು. ಇದು ನ್ಯಾಯವೇ ಸರಿ. ಆದರೆ ಒಂದು ಪ್ರಶಸ್ತಿ ಮೂವರಿಗಿಂತ ಹೆಚ್ಚು ಜನರಿಗೆ ಸಲ್ಲುವಂತಿಲ್ಲ. ಸರಳನ್ನು ಕಡೆದವರು, ಮುಚ್ಚಳವನ್ನು ಕೂರಿಸಿದವರು, ಶೈತ್ಯವನ್ನು ಕಾದವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ಒತ್ತುಕಾಗದದಿಂದ ಹೆಚ್ಚಿನ ನೀರನ್ನು ಎಷ್ಟು ಕ್ಷಣ ಹೀರಬೇಕು, ಹಿಡಿಕೆಯನ್ನು ಎಷ್ಟು ಬೇಗ ತಿರುಗಿಸಿ ಒಳದೂಡಬೇಕು ಎಂಬ ಅರಿವನ್ನು ಪುಸ್ತಕಗಳಿಗಿಂತ ಹೆಚ್ಚಾಗಿ ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕಾಗಿತ್ತು. ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣದ ಬಣ್ಣ ನೋಡಿ ನೀರಿಗಿಳಿಸುವ ಹದವೂ ಇದೇ ಬಗೆಯ ಜ್ಞಾನ.

ಬೆಂಗಳೂರಿನಲ್ಲಿಯೂ ಇಂದು ರಾಷ್ಟ್ರೀಯ ಮಟ್ಟದ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸೌಲಭ್ಯವಿದೆ. ಯಂತ್ರಗಳು ಸ್ವಯಂಚಾಲಿತವಾದಂತೆ ಹಳೆಯ ಹಿಡಿಕೆಗಳು ಕಪಾಟು ಸೇರುತ್ತವೆ. ಅವನ್ನು ಬಳಸಿ ಬಲ್ಲವರು ನಿವೃತ್ತರಾಗುತ್ತಾರೆ. ಕುಲಕಸುಬುಗಳ ವಿಷಯದಲ್ಲಿ ನಾವು ತಡವಾಗಿ ಎಚ್ಚೆತ್ತು, ಕೊನೆಯ ಕಸುಬುದಾರನನ್ನು ಹುಡುಕಿಕೊಂಡು ಹೋದ ಅನುಭವ ನಮ್ಮ ಕಣ್ಣೆದುರಿಗಿದೆ. ಪ್ರಯೋಗಾಲಯಗಳ ಕೈಯರಿವನ್ನು, ಬಲ್ಲವರು ನಮ್ಮ ನಡುವೆ ಇರುವಾಗಲೇ ದಾಖಲಿಸಿಕೊಳ್ಳುವುದು ಜಾನಪದ ಅಧ್ಯಯನದ ವ್ಯಾಪ್ತಿಗೆ ಹೊರತಾದುದಲ್ಲ. ಹಿಡಿಯನ್ನು ಮರೆತು ಬರೆದ ನೇಗಿಲಿನ ಚರಿತ್ರೆ ಅಪೂರ್ಣವಾಗುವಂತೆಯೇ, ಹಿಡಿಕೆಯನ್ನು ಮರೆತು ಬರೆದ ಸೂಕ್ಷ್ಮದರ್ಶಕದ ಚರಿತ್ರೆಯೂ ಅಪೂರ್ಣವೇ ಆಗಿರುತ್ತದೆ.