ಹಾಲಿನ ದುಡ್ಡಲ್ಲಿ ಮುರಿದ 60 ರೂಪಾಯಿ

ನಮ್ಮೂರು ಗುಂಡ್ಲುಪೇಟೆ ಮಗ್ಗುಲಲ್ಲೇ ಅದೆ. ಚಾಮರಾಜನಗರ 1997ರಲ್ಲಿ ಜಿಲ್ಲೆ ಆಯ್ತು, ಸರಿ. ಆದ್ರೆ ಅಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 2016ರಲ್ಲಿ. ಅಲ್ಲಿವರೆಗೆ ದೊಡ್ಡ ಆಪರೇಷನ್ನು ಅಂದ್ರೆ ನಮಗೆ ಮೈಸೂರೇ ಗತಿ.

ತಾತನ್ನ ಅಲ್ಲಿಗೆ ಸೇರಿಸಿದಾಗ ಅಪ್ಪ "ಎಷ್ಟಾದದು ಸಾ?" ಅಂತ ಕೇಳಿದ್ನಂತೆ. "ಮೊದ್ಲು ಕಟ್ಟಿ, ಆಮೇಲೆ ನೋಡೋಣ" ಅಂದ್ರಂತೆ. ನೋಡೋ ಹೊತ್ತಿಗೆ ಜೋಡೆತ್ತು ಮಾರಿ ಆಗಿತ್ತು. ಸಂತೇಲಿ ಟವೆಲ್ ಅಡಿ ಬೆರಳು ಹಿಡಿದು ನೂರು ರೂಪಾಯಿಗೂ ಜಗ್ಗಾಡೋ ನಮ್ಮಪ್ಪ, ಆಸ್ಪತ್ರೆ ಬಾಗಿಲಲ್ಲಿ ಬಾಯೇ ಬಿಡಲಿಲ್ಲ.

ಆಮೇಲೆ ಬಂತು ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಆಲೋಚನೆ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. 2003ರ ಜೂನ್‌ನಿಂದ ಜಾರಿ. ಸಹಕಾರ ಸಂಘದ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದ್ರೆ ತಿಂಗಳಿಗೆ 5 ರೂಪಾಯಿ ಕೊಟ್ರೆ, ಪಟ್ಟೀಲಿರೋ ಆಪರೇಷನ್ನಿಗೆ ದುಡ್ಡು ಕಟ್ಟೋ ಹಂಗಿಲ್ಲ. ನಮ್ಮೂರ ಡೈರೀಲಿ ಹಾಲಿನ ದುಡ್ಡಲ್ಲೇ ಮುರ್ಕೊಂಡ್ರು.

"ಕಾಯಿಲನೇ ಬರ್ನಿಲ್ಲ ಅಂದ್ರ ದುಡ್ಡ ವಾಪಸ್ ಕೊಟ್ಟರಾ?" ಅಂತ ಅಪ್ಪ ಗೊಣಗಿದ.

"ಬರ್ದೆ ಇದ್ರ ಅದೇ ಲಾಭ ಬುಡಿ" ಅಂದ್ಲು ಅವ್ವ.

ಅವಳಿಗೆ ಅದಾಗಲೇ ವರ್ಷದಿಂದ ರಕ್ತ ಹೋಗ್ತಿತ್ತು. ಯಾರಿಗೂ ಹೇಳಿರಲಿಲ್ಲ. ಎತ್ತು ಹೋದವು, ಇನ್ನು ಹಸನೂ ಹೋಗ್ತದೆ ಅನ್ನೋ ಭಯ. ಕಾರ್ಡು ಕೈಗೆ ಬಂದ ಮೇಲೇ ಬಾಯಿಬಿಟ್ಟಳು. ಮೈಸೂರಲ್ಲಿ ಗರ್ಭಕೋಶ ತೆಗೆದ್ರು. ಹಸ ಕೊಟ್ಟಿಗೇಲೇ ಉಳೀತು, ಅವ್ವನೂ ಉಳಿದಳು.

ಇದನ್ನ ಪೂರಾ ಸರ್ಕಾರದ ದಾನ ಅಂದ್ರೆ ನಾನು ಒಪ್ಪಲ್ಲ. ಸರ್ಕಾರವೂ ಒಂದು ಪಾಲು ಹಾಕಿತ್ತು, ಅದನ್ನ ಮರೀಬಾರದು. ಆದ್ರೆ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ತಮ್ಮ ದುಡ್ಡು ಹಾಕಿದ್ರು. ಅಷ್ಟು ಜನರ ಪರವಾಗಿ ಟ್ರಸ್ಟು ಕೂತು, ಯಾವ ಆಪರೇಷನ್ನಿಗೆ ಎಷ್ಟು ಅಂತ ಮುಂಚೆಯೇ ಮಾತಾಡಿಕೊಳ್ತು. ಖಾಲಿ ಬಿದ್ದಿದ್ದ ಹಾಸಿಗೆಗೆ ರೋಗಿ ಸಿಕ್ಕರೆ ಆಸ್ಪತ್ರೆಗೂ ಲಾಭವೇ. ನೋವಲ್ಲಿ ಒದ್ದಾಡೋನು ವ್ಯಾಪಾರ ಮಾಡಕ್ಕಾಗಲ್ಲ. ಅದಕ್ಕೇ ಗಟ್ಟಿಯಾಗಿರುವಾಗಲೇ ಎಲ್ಲರೂ ಸೇರಿ ವ್ಯಾಪಾರ ಮುಗಿಸಬೇಕು.

ಕುಂದೂ ಇತ್ತು. ಜ್ವರಕ್ಕೆ, ಸಕ್ಕರೆ ಕಾಯಿಲೆ ಮಾತ್ರೆಗೆ ಅದರಲ್ಲಿ ಕಾಸಿರಲಿಲ್ಲ. ಮೂರನೇ ವರ್ಷ 60 ಹೋಗಿ 120 ಆದಾಗ, ಸುಮಾರು 20 ಲಕ್ಷಕ್ಕೆ ಏರಿದ್ದ ಸದಸ್ಯರು 15 ಲಕ್ಷದ ಹತ್ತಿರಕ್ಕೆ ಇಳಿದ್ರು. ಕೊಳ್ಳೋನಿಗೆ ಬೇಡ ಅನ್ನೋ ಹಕ್ಕಿದ್ರೆ, ಬೆಲೆ ಏರಿಸೋನಿಗೂ ಕೊಂಚ ಅಂಜಿಕೆ ಇರ್ತದೆ.

2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಸರ್ಕಾರವೇ ಕಡಿವಾಣ ಹಾಕಕ್ಕೆ ಹೊರಟಾಗ ಡಾಕ್ಟರುಗಳು ಮುಷ್ಕರ ಹೂಡಿದ್ರು. ಆ ಜಗಳದಲ್ಲಿ ನಂಗೆ ಅನ್ನಿಸಿದ್ದು ಇಷ್ಟೇ: ದರ ಕಟ್ಟೋದು ಆಮೇಲಿನ ಮಾತು. ಮೊದಲು ದರ ಬಾಯಿಬಿಟ್ಟು ಹೇಳಲಿ. ಅಪ್ಪ ಕೇಳಿದ್ದೂ ಅಷ್ಟೇ ಅಲ್ವಾ?

2018ರಲ್ಲಿ ಯಶಸ್ವಿನಿಯನ್ನ ಆರೋಗ್ಯ ಕರ್ನಾಟಕದೊಳಗೆ ಸೇರಿಸಿಬಿಟ್ರು. 2022ರಲ್ಲಿ ಮತ್ತೆ ನೋಂದಣಿ ಶುರುವಾಯ್ತು, ಹಳ್ಳಿ ಕಡೆ ನಾಲ್ಕು ಜನರ ಮನೆಗೆ 500 ರೂಪಾಯಿ.

ಫೋನ್ ಮಾಡಿದಾಗಲೆಲ್ಲ ಅವ್ವ ಈಗಲೂ ಮೊದಲು ಕೇಳೋದು, "ಉಣ್ಣುದ್ಯಾ ಮಗ?" ಅಂತ. ಆಮೇಲೆ, "ಸೊಸೈಟಿಗ ದುಡ್ಡ ಕಟ್ಟುದ್ಯಾ?"